ಒಳಗಿನಿಂದ ಹಾಕಿಕೊಳ್ಳುವ ಬಾಗಿಲು: ಆಟಿಸಂ ಇರುವ ವಯಸ್ಕರ ಆಸರೆ ಕೇಂದ್ರದಲ್ಲಿ ಸಹವಾಸ ಮತ್ತು ಖಾಸಗಿತನ



ನಮ್ಮ ಭಾಗದಲ್ಲಿ ದತ್ತಿ ಉಪನ್ಯಾಸವೆಂದರೆ ಬಹುಮಟ್ಟಿಗೆ ದಾಸ ಸಾಹಿತ್ಯ, ವಚನ, ಇಲ್ಲವೇ ಪ್ರದೇಶದ ಇತಿಹಾಸ. ಆ ವೇದಿಕೆಯಲ್ಲಿ ಆಟಿಸಂ ಇರುವ ವಯಸ್ಕರ ದಿನನಿತ್ಯದ ಬದುಕಿನ ಬಗ್ಗೆ ಮಾತನಾಡಲು ಒಪ್ಪಿಗೆ ಕೊಟ್ಟ ಸಂಘಟಕರಿಗೆ ನಾನು ಋಣಿ. ವಿಶೇಷ ಶಿಕ್ಷಕಿಯಾಗಿ ನನ್ನ ದುಡಿಮೆಯ ಬಹುಪಾಲು ಇಂಥವರ ಜೊತೆಯಲ್ಲೇ ಕಳೆದಿದೆ. ಇಂದು ಕಾಯಿಲೆ, ಕಾರಣ, ಚಿಕಿತ್ಸೆಗಳ ಕಡೆ ನಾನು ಹೋಗುವುದಿಲ್ಲ. ಹದಿನೆಂಟು ದಾಟಿದ, ಇಪ್ಪತ್ತೈದು, ನಲವತ್ತು ವರ್ಷದ ವ್ಯಕ್ತಿ ಹಗಲು ಕಳೆಯಲು ಬರುವ, ಮುಂದೆ ರಾತ್ರಿಯೂ ಉಳಿಯಬಹುದಾದ ಒಂದು ಕೇಂದ್ರ ರಾಯಚೂರು ಜಿಲ್ಲೆಯ ಮಾನ್ವಿಯಂಥ ಊರಿನಲ್ಲಿ ಇರಬೇಕಾದರೆ ಅದು ಹೇಗಿರಬೇಕು ಎಂಬುದಷ್ಟೇ ನನ್ನ ವಿಷಯ. ಅದರಲ್ಲೂ ಎರಡು ಸಂಗತಿ: ನಾಲ್ಕು ಜನರ ನಡುವೆ ನೆಮ್ಮದಿಯಾಗಿರುವುದು, ಮತ್ತು ತನ್ನ ಪಾಡಿಗೆ ತಾನಿರುವುದು.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಈ ಎರಡರಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳಲು ಬರುವುದಿಲ್ಲ. ಎದ್ದು ಹೋಗಲು ದಾರಿಯಿದೆ, ಮತ್ತೆ ಬಂದರೆ ಯಾರೂ ಕೆದಕಿ ಕೇಳುವುದಿಲ್ಲ ಎಂಬ ನಂಬಿಕೆ ಇರುವ ಕಡೆಯಲ್ಲೇ ಆಟಿಸಂ ಇರುವವರು ಜನರ ಹತ್ತಿರ ಬರುತ್ತಾರೆ.

ಮೊದಲು, ಈ ವಯಸ್ಕರು ಯಾರು ಎಂಬುದನ್ನು ನೋಡೋಣ. ಆಟಿಸಂ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮೂರು ನಾಲ್ಕು ವರ್ಷದ ಮಗು. 1943ರಲ್ಲಿ ಅಮೆರಿಕದ ಲಿಯೊ ಕ್ಯಾನರ್ ಎಂಬ ಮನೋವೈದ್ಯರು ಇದನ್ನು ವಿವರವಾಗಿ ಬರೆದಾಗ ಅವರ ಮುಂದಿದ್ದವರು 11 ಮಕ್ಕಳು. ಆ ಮಕ್ಕಳು ಬೆಳೆದರು, ವಯಸ್ಕರಾದರು. ಆಟಿಸಂ ಮಾತ್ರ ಅವರ ಜೊತೆಯಲ್ಲೇ ಇತ್ತು, ಏಕೆಂದರೆ ಅದು ಹುಟ್ಟಿನಿಂದ ಕೊನೆಯವರೆಗೂ ಇರುವ ಸ್ವಭಾವ. ಆದರೆ ಥೆರಪಿ, ವಿಶೇಷ ಶಾಲೆ, ಸಲಹಾ ಶಿಬಿರ ಎಲ್ಲವೂ ಇಂದಿಗೂ ಮಕ್ಕಳ ಸುತ್ತಲೇ ಇವೆ. ಹದಿನೆಂಟು ತುಂಬಿದ ದಿನ ಶಾಲೆಯ ಬಾಗಿಲು ಮುಚ್ಚುತ್ತದೆ, ಅಲ್ಲಿಂದ ಮುಂದೆ ಮನೆಯ ಪಡಸಾಲೆಯೇ ಗತಿ.

ನಮ್ಮ ಕಾನೂನಿನ ಕಣ್ಣಿಗೂ ಇವರು ತಡವಾಗಿ ಬಿದ್ದರು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು, 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಲೆಕ್ಕ ಹಾಕಿ ನೋಡಿ. ಈ ತಾಲ್ಲೂಕಿನ ಯಾವುದೋ ಹಳ್ಳಿಯಲ್ಲಿ ಇಂದು ಮೂವತ್ತೈದು ವರ್ಷದ ವ್ಯಕ್ತಿ ಇದ್ದರೆ, ಅವರು ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಅವರನ್ನು ಗುರುತಿಸಲು ಇಲ್ಲಿ ಹೆಚ್ಚುಕಡಿಮೆ ಯಾರೂ ಇರಲಿಲ್ಲ. ಬುದ್ಧಿಮಾಂದ್ಯ ಎಂದರು, ಮೂಕ ಎಂದರು, ಗಾಳಿ ಸೋಕಿದೆ ಎಂದರು. ಹರಕೆ ಹೊತ್ತರು. ಕೈಯಲ್ಲಿ ದುಡ್ಡಿದ್ದವರು ಹೈದರಾಬಾದಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದೊಯ್ದರು. ದುಡಿಯಲು ಬೆಂಗಳೂರಿಗೆ ಗುಳೆ ಹೋಗುವ ಮನೆಗಳಲ್ಲಿ ಅವರು ಅಜ್ಜಿಯ ಹತ್ತಿರ ಉಳಿದರು. ಅಜ್ಜಿ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿ.

ಈಗ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವ ಅಳತೆಗೋಲು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಸಿದ್ಧವಾದದ್ದು. ಅದರಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ, ಮೊತ್ತ 70 ಮುಟ್ಟಿದರೆ ಆಟಿಸಂ ಎಂದು ತೀರ್ಮಾನ. ಕಣ್ಣಿಗೆ ಕಣ್ಣು ಕೊಡದಿರುವುದು, ಜನರಿಂದ ದೂರ ಉಳಿಯುವುದು, ಒಬ್ಬರೇ ಆಡಿಕೊಂಡಿರುವುದು ಎಲ್ಲಕ್ಕೂ ಅಂಕಗಳಿವೆ. ಪಿಂಚಣಿ, ಬಸ್ ಪಾಸು, ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು ಸಿಗಬೇಕಾದರೆ ಆ ಅಂಕಗಳು ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. ಆ ಪಟ್ಟಿ ಕೇಂದ್ರಕ್ಕೆ ಬಂದಾಗ ಅಲ್ಲಿನ ಸಿಬ್ಬಂದಿ ಅದನ್ನು ತಿದ್ದಬೇಕಾದ ತಪ್ಪುಗಳ ಪಟ್ಟಿಯಂತೆ ಓದುತ್ತಾರೆ. ಒಬ್ಬರೇ ಕೂತವರನ್ನು ಎಬ್ಬಿಸಿ ಗುಂಪಿಗೆ ಸೇರಿಸುತ್ತಾರೆ. ಗದ್ದ ಹಿಡಿದು ಮುಖ ತಿರುಗಿಸಿ ‘ನನ್ನನ್ನು ನೋಡಿ ಮಾತಾಡು’ ಎನ್ನುತ್ತಾರೆ. ಆಸ್ಪತ್ರೆಯ ಕಾಗದ ಲಕ್ಷಣವೆಂದು ಎಣಿಸುವ ಅದೇ ಏಕಾಂತವನ್ನು ಆಸರೆಯ ಕೇಂದ್ರ ಹಕ್ಕೆಂದು ಕಾಯಬೇಕು.

ಇನ್ನು ಸಹವಾಸದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆಟಿಸಂ ಇರುವ ಹಲವರಿಗೆ ಜನರೇ ಬೇಡ ಎಂದು ನಾವು ತಿಳಿದಿದ್ದೇವೆ. ಎಷ್ಟೋ ಸಲ ಅವರಿಗೆ ಬೇಡವಾಗಿರುವುದು ಜನರ ಸುತ್ತಲಿನ ಸದ್ದು, ಬೆಳಕು, ವಾಸನೆ, ಮುಟ್ಟಾಟ. ಹಳೆಯ ಟ್ಯೂಬ್‌ಲೈಟಿನ ಮಿಣುಕು, ಅದರ ಚೋಕಿನ ಗುಂಯ್ ಎನ್ನುವ ನಾದ ನಮ್ಮ ಕಿವಿಗೆ ಬೀಳುವುದೇ ಇಲ್ಲ, ಅವರಿಗೆ ಅದು ದಿನವಿಡೀ ತಲೆಯೊಳಗೆ ಕೊರೆಯುತ್ತದೆ. ರಾಯಚೂರು ಸೀಮೆಯ ಬೇಸಿಗೆ ನಲವತ್ತು ಡಿಗ್ರಿ ದಾಟುವಾಗ ಫ್ಯಾನು ಬೇಡ ಎನ್ನಲು ಆಗದು. ಆದರೆ ಕಟಕಟ ಎನ್ನುವ ಫ್ಯಾನನ್ನು ರಿಪೇರಿ ಮಾಡಿಸಲು ಆಗುತ್ತದೆ. ತಗಡಿನ ಚಾವಣಿಯ ಕೆಳಗೆ ಮಳೆಗಾಲದಲ್ಲಿ ಕೂರಿಸುವುದನ್ನು ತಪ್ಪಿಸಲು ಆಗುತ್ತದೆ. ಕರೆಂಟು ಹೋದಾಗ ಏನಾಗುತ್ತದೆ ಯೋಚಿಸಿ: ಒಂದೇ ಗಳಿಗೆಯಲ್ಲಿ ಫ್ಯಾನು ನಿಲ್ಲುತ್ತದೆ, ಸೆಕೆ ಏರುತ್ತದೆ, ಹಿತ್ತಲಲ್ಲಿ ಜನರೇಟರ್ ಗುಡುಗುತ್ತದೆ, ಎಲ್ಲರೂ ಒಟ್ಟಿಗೆ ಮಾತನಾಡತೊಡಗುತ್ತಾರೆ. ಆಗ ಒಬ್ಬರು ಕಿವಿ ಮುಚ್ಚಿಕೊಂಡು ಕಿರುಚಿದರೆ ಕೇಂದ್ರದ ದಿನಚರಿ ಪುಸ್ತಕದಲ್ಲಿ ‘ಕಾರಣವಿಲ್ಲದೆ ಗಲಾಟೆ ಮಾಡಿದರು’ ಎಂದು ಬರೆಯುತ್ತಾರೆ.

ನಾನು ಕೆಲಸ ಮಾಡಿದ ಒಂದು ಹಗಲು ಕೇಂದ್ರದಲ್ಲಿ ಮೂವತ್ತರ ಆಸುಪಾಸಿನ ಒಬ್ಬರು ಬರುತ್ತಿದ್ದರು. ಊಟದ ಗಂಟೆ ಹೊಡೆದ ಕೂಡಲೇ ಹೊರಗೆ ಓಡಿ ನೀರಿನ ಟ್ಯಾಂಕಿನ ಮಗ್ಗುಲಲ್ಲಿ ನಿಲ್ಲುತ್ತಿದ್ದರು. ಕೈ ಹಿಡಿದು ಕರೆತಂದರೆ ತಟ್ಟೆ ಎಸೆಯುತ್ತಿದ್ದರು. ಹಠಮಾರಿ ಎಂದೇ ಎಲ್ಲರ ಮಾತು. ಅಡುಗೆಯ ಆಯಾ ಒಬ್ಬರು ಮಾತ್ರ ಬೇರೆ ಏನನ್ನೋ ಗಮನಿಸಿದ್ದರು. ಸ್ಟೀಲಿನ ತಟ್ಟೆಗಳನ್ನು ಒಂದರ ಮೇಲೊಂದು ಹಾಕುವ ಸದ್ದು ಏಳುವ ಮುಂಚೆಯೇ ಅವರ ಮೈ ಬಿಗಿಯುತ್ತಿತ್ತು. ಆಕೆ ಯಾರನ್ನೂ ಕೇಳದೆ, ಗಂಟೆಗೆ ಮೊದಲೇ ಅವರ ರೊಟ್ಟಿ, ಪುಂಡಿಪಲ್ಯ ಹಾಕಿ ವರಾಂಡದ ತುದಿಯಲ್ಲಿ ಇಟ್ಟು ಬರತೊಡಗಿದರು. ಅವರು ಗೋಡೆಗೆ ಮುಖ ಮಾಡಿ ಕುಳಿತು ಪೂರ್ತಿ ಉಂಡರು. ಕೆಲವು ವಾರಗಳ ಮೇಲೆ ಅದೇ ವರಾಂಡದ ಇನ್ನೊಂದು ತುದಿಗೆ ಬೇರೊಬ್ಬರು ತಟ್ಟೆ ಹಿಡಿದು ಬಂದು ಕುಳಿತರು, ಇವರು ಎದ್ದು ಹೋಗಲಿಲ್ಲ. ನಡುವಿನ ಅಂತರ ತಾನಾಗಿ ಕಡಿಮೆಯಾಗುತ್ತ ಬಂತು. ಒಂದು ದಿನ ಇವರು ತಮಗೆ ಬೇಡವಾದ ಉಳ್ಳಾಗಡ್ಡಿ ಚೂರುಗಳನ್ನೆಲ್ಲ ಆರಿಸಿ ಪಕ್ಕದವರ ತಟ್ಟೆಗೆ ಹಾಕಿದರು. ಅವರು ಅದನ್ನು ತಿಂದರು. ಮುಂದೆ ಅದು ದಿನದ ವಾಡಿಕೆಯಾಯಿತು. ಇಬ್ಬರ ನಡುವೆ ಒಂದು ಮಾತೂ ನಡೆಯಲಿಲ್ಲ, ಕಣ್ಣೂ ಕೂಡಲಿಲ್ಲ. ಅದನ್ನು ಸ್ನೇಹವೆಂದು ಕರೆಯಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ತಾವೂ ಆಟಿಸಂ ಇರುವ ವಿದ್ವಾಂಸರು, 2012ರಲ್ಲಿ ಒಂದು ವಾದ ಮುಂದಿಟ್ಟರು: ಆಟಿಸಂ ಇರುವವರಿಗೆ ಇತರರು ಅರ್ಥವಾಗುವುದಿಲ್ಲ ಎನ್ನುತ್ತೇವೆ, ಇತರರಿಗೂ ಅವರು ಅಷ್ಟೇ ಅರ್ಥವಾಗಿಲ್ಲ, ಕೊರತೆ ಎರಡೂ ಕಡೆಗೆ ಸೇರಿದ್ದು. ಆ ವರಾಂಡದಲ್ಲಿ ನಾನು ಕಂಡದ್ದು ಇದನ್ನೇ. ಎಲ್ಲವನ್ನೂ ಕಲಿಯಬೇಕಾದವರು ಅವರು ಎಂದು ನಾವು ಗಟ್ಟಿಯಾಗಿ ನಂಬಿದ್ದೆವು. ಕಲಿತದ್ದು ಆಯಾ.

ಅಮೆರಿಕದಲ್ಲಿ ಆಟಿಸಂ ಇರುವವರೇ ಸೇರಿ 1996ರಿಂದ ‘ಆಟ್ರೀಟ್’ ಎಂಬ ಸಮಾವೇಶ ನಡೆಸುತ್ತಿದ್ದರು. ಅಲ್ಲಿ ಬಣ್ಣದ ಬ್ಯಾಡ್ಜುಗಳು ಬಳಕೆಗೆ ಬಂದವು. ಕೆಂಪು ಹಾಕಿಕೊಂಡರೆ ಯಾರೂ ಮಾತನಾಡಿಸಬೇಡಿ ಎಂದು, ಹಳದಿಯಾದರೆ ಗುರುತಿರುವವರು ಮಾತ್ರ, ಹಸಿರಾದರೆ ಮಾತು ಬೇಕು, ಆದರೆ ನೀವೇ ಮೊದಲು ಶುರುಮಾಡಿ ಎಂದು. ಓದು ಬರಹ ಬಾರದವರಿಗೂ ಇದು ಹೊಂದುತ್ತದೆ. ನಮ್ಮ ಕೇಂದ್ರದ ಬಾಗಿಲಲ್ಲಿ ಮೂರು ಬಣ್ಣದ ಬಟ್ಟೆಯ ಪಟ್ಟಿ ನೇತುಹಾಕಿದರೂ ಸಾಕು, ಖರ್ಚು ಏನೂ ಇಲ್ಲ. ಕಷ್ಟವಿರುವುದು ಆ ಕೆಂಪು ಪಟ್ಟಿಯನ್ನು ನಾವು ಗೌರವಿಸುವುದರಲ್ಲಿ. ನಮ್ಮ ಕಡೆ ಪ್ರೀತಿ ತೋರಿಸುವುದೇ ಪ್ರಶ್ನೆ ಕೇಳಿ: ಊಟ ಆತೇನು, ಯಾವೂರು, ಯಾರ ಮಗ, ಯಾಕ ಸುಮ್ಮಕ ಕುಂತಿ? ಕೇಂದ್ರಕ್ಕೆ ಬರುವ ಪ್ರತಿಯೊಬ್ಬ ಹಿತೈಷಿಯೂ ಇಷ್ಟನ್ನು ಕೇಳದೆ ಹೋಗುವುದಿಲ್ಲ. ಉತ್ತರ ಕೊಡಲಾಗದವರಿಗೆ ಅದು ದಿನಕ್ಕೆ ಹತ್ತು ಸಲ ನಡೆಯುವ ಪರೀಕ್ಷೆ.

ಹಾಗೆಂದು ನಮ್ಮ ಊರುಗಳಲ್ಲಿ ಇದಕ್ಕೆ ಒಗ್ಗುವ ರೂಢಿಗಳೇ ಇಲ್ಲವೆನ್ನಲಾರೆ. ಸಂಜೆ ಕಟ್ಟೆಯ ಮೇಲೆ ಅರ್ಧ ಗಂಟೆ ಮಾತಿಲ್ಲದೆ ಅಕ್ಕಪಕ್ಕ ಕೂರುವ ಹಿರಿಯರನ್ನು ನೀವು ಕಂಡಿದ್ದೀರಿ. ಮೆಣಸಿನಕಾಯಿ ತೊಟ್ಟು ಬಿಡಿಸುವಾಗ, ಶೇಂಗಾ ಸುಲಿಯುವಾಗ ಹೆಣ್ಣುಮಕ್ಕಳು ಎದುರುಬದುರು ನೋಡದೆ ತಾಸುಗಟ್ಟಲೆ ಒಟ್ಟಿಗಿರುತ್ತಾರೆ. ಕೈಗೆ ಕೆಲಸ, ಕಣ್ಣು ಕೆಲಸದ ಮೇಲೆ, ಮಗ್ಗುಲಲ್ಲಿ ಇನ್ನೊಂದು ಜೀವ. ಆಟಿಸಂ ಇರುವ ಬಹಳ ಮಂದಿಗೆ ಇದಕ್ಕಿಂತ ಹಿತವಾದ ಸಹವಾಸ ಇನ್ನೊಂದಿಲ್ಲ. ಸದ್ದಿನ ವಿಷಯದಲ್ಲೂ ಎಲ್ಲರನ್ನೂ ಒಂದೇ ಸಾಲಿಗೆ ಸೇರಿಸಬೇಡಿ. ಮಿಕ್ಸರ್ ಸದ್ದಿಗೆ ಮನೆ ಬಿಟ್ಟು ಓಡುವ ಹುಡುಗನೊಬ್ಬ ಮೊಹರಂ ಅಲಾಯಿ ಕುಣಿತದಲ್ಲಿ ಹಲಗೆಯವರ ಪಕ್ಕದಲ್ಲೇ ನಿಂತು ತೂಗಾಡುವುದನ್ನು ನೋಡಿದ್ದೇನೆ. ಹಲಗೆಯ ಮುಂದಿನ ಪೆಟ್ಟು ಯಾವಾಗ ಬೀಳುತ್ತದೆಂದು ಅವನಿಗೆ ಗೊತ್ತು. ಮಿಕ್ಸರ್ ಯಾವಾಗ ಅರಚುತ್ತದೆಂದು ಗೊತ್ತಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮಾನ್ವಿ ಜಗನ್ನಾಥದಾಸರ ಊರು. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಇದೇ ತಾಲ್ಲೂಕಿನಲ್ಲಿದೆ. ಸಾಧಕರು ಜನರಿಂದ ದೂರ ಕುಳಿತರೆ ಈ ನೆಲ ಅದನ್ನು ಎಂದೂ ಸೊಕ್ಕೆಂದಾಗಲಿ ಕಾಯಿಲೆಯೆಂದಾಗಲಿ ಕರೆಯಲಿಲ್ಲ. ಏಕಾಂತಕ್ಕೆ ಗೌರವ ಕೊಡುವುದು ನಮಗೆ ಗೊತ್ತಿರುವ ವಿದ್ಯೆ. ಅದನ್ನು ಸಾಮಾನ್ಯ ಮನೆಯ ಮಾತಿಲ್ಲದ ಮಗನಿಗೂ ಮಗಳಿಗೂ ಸಲ್ಲಿಸಬೇಕೆಂದು ಕೇಳುತ್ತಿದ್ದೇನೆ.

ಈಗ ಖಾಸಗಿತನದ ಕಡೆಗೆ ತಿರುಗೋಣ. ಇದು ದೊಡ್ಡ ಊರಿನ, ಓದಿದವರ ಬಯಕೆ ಎಂಬ ಭಾವನೆ ಇದೆ. ಖಾಸಗಿತನ ಈ ದೇಶದ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಕ್ಕೂ ಹತ್ತು ವರ್ಷ ಮೊದಲೇ, 2007ರಲ್ಲಿ, ವಿಕಲಚೇತನರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ಸಹಿ ಹಾಕಿ ಒಪ್ಪಿಕೊಂಡಿತ್ತು. ಅದರ 22ನೇ ವಿಧಿಯ ಪ್ರಕಾರ ವ್ಯಕ್ತಿ ಎಲ್ಲಿಯೇ ವಾಸವಿರಲಿ, ಸ್ವಂತ ಮನೆಯಲ್ಲಿರಲಿ ಕೇಂದ್ರದಲ್ಲಿರಲಿ, ಅವರ ಖಾಸಗಿ ಬದುಕಿನಲ್ಲಿ ಮನಬಂದಂತೆ ತಲೆಹಾಕುವಂತಿಲ್ಲ. ಅವರ ಆರೋಗ್ಯದ ಮಾಹಿತಿಗೂ ಅದೇ ರಕ್ಷಣೆ. ಕಾನೂನಿನ ಮಟ್ಟದಲ್ಲಿ ವಿಷಯ ಇತ್ಯರ್ಥವಾಗಿದೆ. ಇತ್ಯರ್ಥವಾಗಬೇಕಾದದ್ದು ಬಚ್ಚಲಮನೆಯಲ್ಲಿ.

ಒಬ್ಬ ತಾಯಿ ನನಗೆ ಹೇಳಿದರು: “ಇವಗ ಮೂವತ್ತು ವರ್ಷ ಆತ್ರಿ. ಈಗಲೂ ನಾನೇ ಜಳಕ ಮಾಡಸ್ತೀನಿ. ಬಾಗಿಲ ಹಾಕಿದ್ರ ಒದರ್ತಾನ್ರಿ, ಹಂಗಾಗಿ ತೆರದ ಬಿಟ್ಟೀನಿ.” ಆ ತಾಯಿಯ ಮೇಲೆ ಒಂದಿಷ್ಟೂ ತಪ್ಪು ಹೊರಿಸಲಾರೆ. ಮೂವತ್ತು ವರ್ಷ ಒಬ್ಬರೇ ಹೊತ್ತ ಭಾರ ಅದು. ಆದರೆ ಅದೇ ಮನುಷ್ಯ ಕೇಂದ್ರಕ್ಕೆ ಬಂದಾಗ, ತೆರೆದ ಬಾಗಿಲಿನ ರೂಢಿಯೂ ಅವರ ಜೊತೆ ಬರುತ್ತದೆ. ಅಂಗಳದ ನಲ್ಲಿಯ ಕೆಳಗೆ ನಿಲ್ಲಿಸಿ ಮೈ ತೊಳೆಯುವುದು, ಸಾಲಾಗಿ ನಿಲ್ಲಿಸಿ ಬಟ್ಟೆ ಬದಲಿಸುವುದು, ‘ಇವರಿಗೇನು ತಿಳಿಯುತ್ತೆ’ ಎನ್ನುವುದು. ತಿಳಿಯುತ್ತದೆ. ಮಾತಿಲ್ಲ ಎಂಬ ಮಾತ್ರಕ್ಕೆ ನಾಚಿಕೆ ಇಲ್ಲವೆಂದು ಯಾರೂ ಭಾವಿಸಬಾರದು.

ಸ್ನಾನವನ್ನು ಹಂತ ಹಂತವಾಗಿ ಚಿತ್ರ ತೋರಿಸಿ ಕಲಿಸಬಹುದು: ಟವೆಲ್ ಗೂಟಕ್ಕೆ, ಬಾಗಿಲು, ಚಿಲಕ, ತಂಬಿಗೆ, ಸಾಬೂನು. ಎಲ್ಲವನ್ನೂ ಕಲಿಯಲಾಗದಿದ್ದರೂ ಚಿಲಕ ಹಾಕುವುದೊಂದನ್ನು ಕಲಿತರೆ ಅದೇ ದೊಡ್ಡದು. ಸಹಾಯ ಬೇಕಾದರೆ ಹೆಣ್ಣಿಗೆ ಹೆಣ್ಣು, ಗಂಡಿಗೆ ಗಂಡು, ಸಾಧ್ಯವಾದಷ್ಟೂ ದಿನಾ ಅದೇ ವ್ಯಕ್ತಿ. ಬಾಗಿಲು ಬಡಿದು, ಕಾದು, ಒಳಗೆ ಹೋಗುವುದು. ಇಲ್ಲಿ ಕಾಯುವುದು ಮುಖ್ಯ, ಏಕೆಂದರೆ ಬಡಿದದ್ದು ಮನಸ್ಸಿಗೆ ತಲುಪಲು ಅವರಿಗೆ ಹೊತ್ತು ಹಿಡಿಯುತ್ತದೆ. ಇಲ್ಲಿರುವ ತಂದೆತಾಯಿಗಳ ಮನಸ್ಸಿನಲ್ಲಿ ಏಳುವ ಪ್ರಶ್ನೆ ನನಗೆ ಗೊತ್ತು: ಒಳಗೆ ಮೂರ್ಛೆ ಬಂದರೆ? ಆಟಿಸಂ ಇರುವವರಲ್ಲಿ ಮೂರ್ಛೆರೋಗ ಇತರರಿಗಿಂತ ಹೆಚ್ಚು ಎಂಬುದು ನಿಜ. ಅದಕ್ಕೇ ಹೊರಗಿನಿಂದ ಒಂದು ನಾಣ್ಯ ತೂರಿಸಿ ತಿರುಗಿಸಿದರೆ ತೆರೆದುಕೊಳ್ಳುವ ಚಿಲಕಗಳಿವೆ, ಬಡಗಿಗೆ ಹೇಳಿದರೆ ಕೂರಿಸಿಕೊಡುತ್ತಾನೆ. ಬಾಗಿಲನ್ನೇ ತೆಗೆದುಹಾಕುವುದು ಅದಕ್ಕೆ ಪರಿಹಾರವಾಗಲಾರದು.

ಹೆಣ್ಣುಮಕ್ಕಳ ಮುಟ್ಟಿನ ವಿಷಯ ಇದಕ್ಕಿಂತ ಸೂಕ್ಷ್ಮ, ಅದನ್ನು ಈ ಸಭೆಯಲ್ಲಿ ಹೇಳದೆ ಬಿಡಲಾರೆ. 1994ರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಒಂದು ಸರ್ಕಾರಿ ವಸತಿಗೃಹದಲ್ಲಿದ್ದ ಬುದ್ಧಿಮಾಂದ್ಯ ಯುವತಿಯರಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸಲಾಯಿತು. ಕೊಟ್ಟ ಕಾರಣ, ಮುಟ್ಟಿನ ದಿನಗಳಲ್ಲಿ ಅವರ ಶುಚಿತ್ವ ನೋಡಿಕೊಳ್ಳುವುದು ಕಷ್ಟ ಎಂಬುದು. ದೇಶದೆಲ್ಲೆಡೆ ಪ್ರತಿಭಟನೆ ಎದ್ದ ಮೇಲೆ ನಿಂತಿತು. ಒಂದು ಮುಚ್ಚುವ ಬಾಗಿಲು, ಒಬ್ಬ ತಾಳ್ಮೆಯ ಸಹಾಯಕಿ, ಬಟ್ಟೆ ಬದಲಿಸಿಕೊಳ್ಳಲು ಒಂದು ಮೂಲೆ ಇದ್ದಿದ್ದರೆ ಕತ್ತರಿಯ ಮಾತೇ ಬರುತ್ತಿರಲಿಲ್ಲ. ಖಾಸಗಿ ಜಾಗವಿಲ್ಲದ ಸಂಸ್ಥೆ ಕೊನೆಗೆ ವ್ಯಕ್ತಿಯ ದೇಹವನ್ನೇ ತನ್ನ ಅನುಕೂಲಕ್ಕೆ ಬದಲಿಸಲು ಹೊರಡುತ್ತದೆ.

ದೇಹದ ನಂತರ ವಸ್ತುಗಳು. ಒಬ್ಬರು ಕಲ್ಯಾಣ ಕರ್ನಾಟಕ ಸಾರಿಗೆಯ ಹಳೆಯ ಬಸ್ ಟಿಕೆಟ್‌ಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿ ಇಟ್ಟುಕೊಳ್ಳುತ್ತಿದ್ದರು. ಸ್ವಚ್ಛತೆಯ ದಿನ ಅದು ಕಸಕ್ಕೆ ಹೋಯಿತು. ಆ ಮೇಲೆ ಅವರು ಬಹಳ ದಿನ ಕೇಂದ್ರದೊಳಗೆ ಕಾಲಿಡಲಿಲ್ಲ, ಗೇಟಿನ ಬಳಿಯೇ ನಿಂತು ಸಂಜೆ ಮಾಡುತ್ತಿದ್ದರು. ಪ್ರತಿಯೊಬ್ಬರಿಗೂ ಬೀಗವಿರುವ ಒಂದು ಸಣ್ಣ ಪೆಟ್ಟಿಗೆ, ಬೀಗದ ಕೈ ಅವರ ಕೊರಳಲ್ಲಿ. ಒಳಗೇನಿದೆ ಎಂದು ನೋಡಬೇಕಾದರೆ ಅವರ ಎದುರಿಗೇ, ಅವರ ಕೈಯಿಂದಲೇ ತೆಗೆಸಿ.

ಮೂರನೆಯದು ಮಾಹಿತಿ, ಮತ್ತು ಇಲ್ಲಿ ನಾನು ಕಟುವಾಗಿ ಮಾತನಾಡಿದರೆ ಕ್ಷಮಿಸಬೇಕು. ಯಾರು ಹಾಸಿಗೆ ಒದ್ದೆ ಮಾಡಿಕೊಂಡರು, ಯಾರಿಗೆ ಯಾವ ಮಾತ್ರೆ ಎಂಬ ಪಟ್ಟಿಯನ್ನು ಪಡಸಾಲೆಯ ಗೋಡೆಗೆ ಅಂಟಿಸುವ ಕೇಂದ್ರಗಳಿವೆ. ಹುಟ್ಟುಹಬ್ಬಕ್ಕೆ ಊಟ ಹಾಕಿಸಲು ದಾನಿಗಳು ಬರುತ್ತಾರೆ. ತಟ್ಟೆಯ ಮುಂದೆ ಎಲ್ಲರನ್ನೂ ಸಾಲಾಗಿ ಕೂರಿಸಿ, ತುತ್ತು ಬಾಯಿಗಿಡುವ ಮುಂಚೆ ಫೋಟೊ. ಸಂಜೆಯೊಳಗೆ ಅದು ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಕಿರುಚಾಡುತ್ತಿರುವಾಗಲೇ ವಿಡಿಯೊ ತೆಗೆದು ‘ನೋಡಿ ಎಷ್ಟು ಕಷ್ಟ’ ಎಂದು ಹಂಚುವವರೂ ಇದ್ದಾರೆ. ದಾನ ದೊಡ್ಡದು, ಕೇಂದ್ರ ನಡೆಯಲು ಅದು ಬೇಕು. ಅದರ ಬದಲಿಗೆ ಒಬ್ಬರ ಅತ್ಯಂತ ಕೆಟ್ಟ ಗಳಿಗೆಯನ್ನು ಒಯ್ಯುವ ಅಧಿಕಾರ ಯಾರಿಗೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಪಾಲಕರಿರುವ ವಿಕಲಚೇತನರ ಮಾಹಿತಿ ಬಳಸಲು ಆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಪಾಲಕರ ಸಹಿ ಪಡೆಯಿರಿ. ಜೊತೆಗೆ ಆ ವ್ಯಕ್ತಿಯನ್ನೂ ಕೇಳಿ. ಮಾತಿಲ್ಲದವರನ್ನು ಕೇಳುವುದು ಹೇಗೆ ಎನ್ನುತ್ತೀರಿ. ಫೋನು ಎತ್ತಿದಾಗ ಮುಖ ತಿರುಗಿಸಿದರೆ, ಕೈ ಅಡ್ಡ ತಂದರೆ, ಎದ್ದು ನಡೆದರೆ ಬೇಡವೆಂದೇ ಅರ್ಥ. ಇಷ್ಟು ಸ್ಪಷ್ಟವಾದ ಉತ್ತರವನ್ನು ನಾವು ದಿನವೂ ಕಂಡೂ ಕಾಣದಂತಿರುತ್ತೇವೆ.

ಮುಂದಿನ ಪ್ರಶ್ನೆ ಭದ್ರತೆಯದು. ಖಾಸಗಿತನ ಹೆಚ್ಚಾದರೆ ಮರೆಯಲ್ಲಿ ಅನ್ಯಾಯ ನಡೆಯುವುದಿಲ್ಲವೇ ಎಂದು ಕಾಳಜಿಯಿರುವವರೇ ಕೇಳುತ್ತಾರೆ. ಈ ಹೆದರಿಕೆ ಬರಿ ಕಲ್ಪನೆಯದಲ್ಲ. ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ ಬುದ್ಧಿಮಾಂದ್ಯ ಯುವತಿಯೊಬ್ಬಳ ಮೇಲೆ ಅಲ್ಲಿಯೇ ಅತ್ಯಾಚಾರ ನಡೆದು ಆಕೆ ಗರ್ಭಿಣಿಯಾದಾಗ, ಗರ್ಭ ತೆಗೆಸಬೇಕೇ ಬೇಡವೇ ಎಂಬುದು 2009ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಕೆಯ ಒಪ್ಪಿಗೆಯಿಲ್ಲದೆ ಗರ್ಭ ತೆಗೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಆ ತೀರ್ಪನ್ನು ಓದುವಾಗ ನನ್ನನ್ನು ಕಾಡುವುದು ಅದರ ಹಿಂದಿನ ಸಂಗತಿ: ಕಾಯಬೇಕಾದ ಜಾಗದಲ್ಲೇ ಅನ್ಯಾಯ ನಡೆಯಿತು. ಅತಿಯಾದ ಕಾವಲೂ ಉಳಿಸುವುದಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ಸರಪಳಿಯಲ್ಲಿ ಬಿಗಿದಿದ್ದ ಕಾರಣಕ್ಕೇ ಬೆಂಕಿಯಿಂದ ಓಡಲಾಗದೆ 28 ಮಂದಿ ಮಾನಸಿಕ ಅಸ್ವಸ್ಥರು ಸತ್ತರು.

ಯಾರು ಬೇಕಾದರೂ ಯಾವಾಗ ಬೇಕಾದರೂ ಬಟ್ಟೆ ಬಿಚ್ಚಿಸಬಹುದು, ಮುಟ್ಟಬಹುದು, ಎತ್ತಿ ಕೂರಿಸಬಹುದು ಎಂಬ ವಾತಾವರಣದಲ್ಲಿ ಬೆಳೆದವರಿಗೆ ಕೆಟ್ಟ ಕೈಯನ್ನು ಗುರುತಿಸಲು ದಾರಿಯೇ ಇರುವುದಿಲ್ಲ. ಎಲ್ಲ ಕೈಗಳೂ ಅವರಿಗೆ ಒಂದೇ. ಬಾಗಿಲು ಬಡಿಯದೆ ಒಳಗೆ ಬರಬಾರದು ಎಂದು ಕಲಿತ ಹುಡುಗಿ, ಬಡಿಯದೆ ಬಂದವನನ್ನು ಕಂಡು ಕೂಗುತ್ತಾಳೆ. ಖಾಸಗಿತನವನ್ನು ಕಲಿಸುವುದೇ ರಕ್ಷಣೆಯ ಮೊದಲ ಪಾಠವೆಂದು ನಾನು ನಂಬಿದ್ದೇನೆ. ಕ್ಯಾಮೆರಾ ಬೇಕಾದರೆ ಗೇಟಿಗೆ, ಓಣಿಗೆ, ಅಡುಗೆಮನೆಗೆ ಇರಲಿ. ಮಲಗುವ ಕೋಣೆಗೂ ಬಚ್ಚಲಿಗೂ ಬೇಡ. ಸಿಬ್ಬಂದಿಯ ಪೂರ್ವಾಪರ ವಿಚಾರಣೆ, ರಾತ್ರಿ ಪಾಳಿಯಲ್ಲಿ ಇಬ್ಬರು, ಮುನ್ಸೂಚನೆಯಿಲ್ಲದೆ ತಂದೆತಾಯಿ ಬಂದುಹೋಗುವ ಸ್ವಾತಂತ್ರ್ಯ, ಇವು ಕ್ಯಾಮೆರಾಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಊರು ಒಟ್ಟಾಗಿ ಒಬ್ಬರ ಖಾಸಗಿತನವನ್ನು ಕಾಯಬಹುದೇ? ಒಂದು ಉದಾಹರಣೆ ಇದೆ. ಕ್ಯಾನರ್ ಬರೆದ 11 ಮಕ್ಕಳಲ್ಲಿ ಮೊದಲನೆಯವರು ಡೊನಾಲ್ಡ್ ಟ್ರಿಪ್ಲೆಟ್. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವರು. ಮೂರನೆಯ ವಯಸ್ಸಿನಲ್ಲಿ ಅವರನ್ನು ಒಂದು ಸಂಸ್ಥೆಗೆ ಸೇರಿಸಿದ್ದ ತಂದೆತಾಯಿ ಸುಮಾರು ಒಂದು ವರ್ಷದ ಮೇಲೆ ಮನೆಗೆ ಕರೆತಂದರು. ಮುಂದೆ ಅವರು ಕಾಲೇಜು ಓದಿದರು, ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ದುಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ಒಬ್ಬರೇ ದೇಶ ಸುತ್ತಿದರು, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರದು ಉಳ್ಳವರ ಮನೆ, ಬ್ಯಾಂಕೂ ತಾಯಿಯ ಮನೆತನಕ್ಕೆ ಸೇರಿದ್ದು. ಆ ಅನುಕೂಲವನ್ನು ಮರೆತು ಮಾತನಾಡಬಾರದು. ಆದರೆ ಅವರ ಬಗ್ಗೆ ಬರೆಯಲು ಹೊರಗಿನಿಂದ ಇಬ್ಬರು ಪತ್ರಕರ್ತರು ಹೋದಾಗ ಊರಿನ ಹಲವರು ಬೇರೆಬೇರೆಯಾಗಿ ಅವರಿಗೆ ಒಂದೇ ಎಚ್ಚರಿಕೆ ಕೊಟ್ಟರು: ನಿಮ್ಮಿಂದ ಡೊನಾಲ್ಡ್‌ಗೆ ನೋವಾದರೆ ನಾವು ಸುಮ್ಮನಿರುವುದಿಲ್ಲ ಎಂದು. ದುಡ್ಡಿನಿಂದ ಕೊಳ್ಳಲಾಗದ ಕಾವಲು ಅದು. ಅವರ ವಿಚಿತ್ರಗಳೆಲ್ಲ ಊರಿಗೆ ಗೊತ್ತಿದ್ದವು. ಅವನ್ನು ಹೊರಗಿನವರಿಗೆ ತಮಾಷೆಯಾಗಿ ಮಾರಲು ಊರು ಒಪ್ಪಲಿಲ್ಲ.

ಕೊನೆಯ ಭಾಗಕ್ಕೆ ಬಂದಿದ್ದೇನೆ: ಮಾನ್ವಿಯಲ್ಲಿ ಏನು ಮಾಡಬಹುದು. ದೊಡ್ಡ ಕಟ್ಟಡ ಬೇಡ, ಊರ ಹೊರಗೆ ಕಾಂಪೌಂಡ್ ಕಟ್ಟಿದ ಜಾಗವೂ ಬೇಡ. ಓಣಿಯೊಳಗಿನ ಒಂದು ಬಾಡಿಗೆ ಮನೆ, ದಪ್ಪ ಗೋಡೆಯ ಹಳೆಯ ಮನೆಯಾದರೆ ಇನ್ನೂ ಒಳ್ಳೆಯದು, ಸೆಕೆಯೂ ಸದ್ದೂ ಕಡಿಮೆ. ಹಿಂದೆ ಮುಂದೆ ಎರಡು ಬಾಗಿಲು. ಒಂದು ಕೋಣೆ ಏನೂ ಕಲಿಸದ, ಏನೂ ಮಾಡಿಸದ, ಬರಿ ಕೂರುವ ಕೋಣೆ. ಮೊದಲ ವರ್ಷ ಹಗಲಿಗೆ ಮಾತ್ರ, ಅದೂ ಅರ್ಧ ದಿನ. ಇದರಿಂದ ಇನ್ನೊಬ್ಬರಿಗೂ ಬಿಡುವು ಸಿಗುತ್ತದೆ. ಬಚ್ಚಲಿನ ಬಾಗಿಲು ತೆರೆದಿಟ್ಟ ಆ ತಾಯಿ ಮೂವತ್ತು ವರ್ಷದಲ್ಲಿ ಒಂದು ಮದುವೆಗೂ ನೆಮ್ಮದಿಯಾಗಿ ಹೋಗಿ ಕೂತವರಲ್ಲ. ಅವರಿಗೂ ತಮ್ಮದೆನ್ನುವ ಮೂರು ತಾಸು ಬೇಕು. ಸ್ವಲ್ಪ ದಿನ ಇರಿಸಿಕೊಳ್ಳುವುದಕ್ಕೆ ಮತ್ತು ಜೀವನಪೂರ್ತಿ ವಾಸಕ್ಕೆ ನ್ಯಾಷನಲ್ ಟ್ರಸ್ಟಿನ ‘ಸಮರ್ಥ್-ಕಮ್-ಘರೌಂದಾ’ ಹೆಸರಿನ ಯೋಜನೆಯಿದೆ. ರಾತ್ರಿಯ ವಾಸವನ್ನು ಆಮೇಲೆ, ಸಿಬ್ಬಂದಿಯ ಕೈ ಪಳಗಿದ ಮೇಲೆ ಯೋಚಿಸಬೇಕು.

‘ನನ್ನ ಕಣ್ಣು ಮುಚ್ಚಿದ ಮ್ಯಾಲ ಇವನ್ನ ಯಾರು ನೋಡ್ತಾರ್ರಿ’ ಎಂದು ಕೇಳದ ತಾಯಿಯನ್ನು ನಾನು ಈ ಕೆಲಸದಲ್ಲಿ ಕಂಡಿಲ್ಲ. ಅದಕ್ಕೆ ಕಾನೂನಿನ ದಾರಿ ರಾಯಚೂರಿನಲ್ಲಿದೆ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಸ್ಥಳೀಯ ಮಟ್ಟದ ಸಮಿತಿ ಎಂಬುದೊಂದು ಇರುತ್ತದೆ. ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ವಿಕಲಚೇತನರೊಬ್ಬರು ಅದರಲ್ಲಿರುತ್ತಾರೆ, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಹದಿನೆಂಟು ದಾಟಿದವರಿಗೆ ಪಾಲಕರನ್ನು ನೇಮಿಸುವುದು ಈ ಸಮಿತಿ. ನೇಮಕವಾದ ಪಾಲಕರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ಹೊಲದ ಸರ್ವೆ ನಂಬರಿನಿಂದ ಹಿಡಿದು ಬ್ಯಾಂಕಿನ ಠೇವಣಿವರೆಗೆ ಎಲ್ಲವೂ ಕಡತದಲ್ಲಿರುತ್ತದೆ. ಆ ವ್ಯಕ್ತಿ ಯಾವ ಸದ್ದಿಗೆ ಹೆದರುತ್ತಾರೆ, ಎಲ್ಲಿ ಮುಟ್ಟಿದರೆ ಸಹಿಸರು, ಬೇಡ ಎಂಬುದನ್ನು ಹೇಗೆ ಹೇಳುತ್ತಾರೆ, ಬಾಗಿಲು ಹಾಕಿಕೊಂಡು ಎಷ್ಟು ಹೊತ್ತು ಇರಬಯಸುತ್ತಾರೆ, ಡಬ್ಬಿಯಲ್ಲಿ ಏನನ್ನು ಕೂಡಿಟ್ಟಿದ್ದಾರೆ, ಇದರ ಒಂದು ಸಾಲೂ ಅಲ್ಲಿರುವುದಿಲ್ಲ. ಅದು ಗೊತ್ತಿರುವುದು ತಾಯಿಗೆ ಮಾತ್ರ.

ಆದ್ದರಿಂದ ಇಲ್ಲಿ ಕುಳಿತಿರುವ ಕುಟುಂಬಗಳಲ್ಲಿ ನನ್ನ ಕೋರಿಕೆ ಒಂದಿದೆ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯು ಅವರನ್ನು ಮನೆಗೆ ಕರೆದು ಕೂರಿಸಿಕೊಂಡು ಆ ಒಂದು ಪುಟವನ್ನು ಕನ್ನಡದಲ್ಲಿ ಬರೆಸಿ. ಬರೆಯುವಾಗ ನಿಮ್ಮ ಮಗನೋ ಮಗಳೋ ಎದುರಿಗೇ ಇರಲಿ, ಬೇಡವೆಂದು ತೋರಿಸಿದ್ದನ್ನು ಬಿಟ್ಟುಬಿಡಿ. ಪಾಲಕತ್ವದ ಅರ್ಜಿಗೆ ಆ ಪುಟವನ್ನೂ ಲಗತ್ತಿಸಿ ರಾಯಚೂರಿಗೆ ಕಳುಹಿಸಿ. ಒಬ್ಬೊಬ್ಬರೇ ಹೋಗಬೇಡಿ, ಹತ್ತು ಮನೆಯವರು ಕೂಡಿ ಹೋಗಿ. ಕೇಂದ್ರ ಶುರುವಾದ ದಿನ ಸಿಬ್ಬಂದಿಯ ತರಬೇತಿಗೆ ಮೊದಲ ಪಠ್ಯ ಆ ಹತ್ತು ಪುಟಗಳೇ ಆಗಲಿ. ಅವನ್ನು ಓದಿ ವಿವರಿಸುವ ಕೆಲಸಕ್ಕೆ ನಾನು ಬರುತ್ತೇನೆ.